ಇಂಧನ ನೀತಿಯಲ್ಲಿ ನಮ್ಮ ಮಾತು: ಯಾವ ದಾರಿ ಯಾವಾಗ ಹಿಡಿಯಬೇಕು?

2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ನಮ್ಮ ಪ್ರಧಾನಿ ಒಂದು ಗುರಿ ಹೇಳಿದರು. 2030ರ ಹೊತ್ತಿಗೆ ಕಲ್ಲಿದ್ದಲು, ತೈಲ, ಗ್ಯಾಸ್ ಬಿಟ್ಟು ಬೇರೆ ಮೂಲಗಳಿಂದ 500 ಗಿಗಾವಾಟ್ ವಿದ್ಯುತ್ ಸಾಮರ್ಥ್ಯ ಬರಬೇಕು ಅಂತ. ಆಮೇಲೆ ದೆಹಲಿಯಲ್ಲಿ ಲೆಕ್ಕ ಹಾಕಿದರು. ಎಲ್ಲಿ ಗಾಳಿ ಜಾಸ್ತಿ, ಎಲ್ಲಿ ಬಿಸಿಲು ಜಾಸ್ತಿ ಎಂದು ದೇಶವನ್ನು ವಲಯಗಳಾಗಿ ಗುರುತಿಸಿದರು. ಅದರಲ್ಲಿ ಒಂದು ವಲಯಕ್ಕೆ ದಾವಣಗೆರೆ–ಚಿತ್ರದುರ್ಗ ಎಂದೇ ಹೆಸರು. ಇಲ್ಲಿನ ಕರೆಂಟು ಹೊರಗೆ ಸಾಗಿಸಲು 765 ಕೆವಿ ಮಟ್ಟದ ದೊಡ್ಡ ಸಬ್‌ಸ್ಟೇಷನ್ನು, ಲೈನುಗಳ ಯೋಜನೆಯೂ ಇದೆ.

ಗ್ಲಾಸ್ಗೋದಲ್ಲಿ ಹೇಳಿದ ಅಂಕಿ ಕೊನೆಗೆ ಬಂದು ನಿಲ್ಲುವುದು ಹಿರಿಯೂರಿನ ಹೊಲದಲ್ಲಿ, ಜಗಳೂರಿನ ಬೀಳಿನಲ್ಲಿ, ಚಳ್ಳಕೆರೆಯ ಮೇವಿನ ಕಾವಲಿನಲ್ಲಿ. "ಇದನ್ನೆಲ್ಲ ನಮ್ಮನ್ನ ಕೇಳಿ ಮಾಡಿದ್ರಾ?" ಎಂಬ ಪ್ರಶ್ನೆ ಊರಲ್ಲಿ ಏಳುವುದು ಟವರಿಗೆ ಗುಂಡಿ ತೆಗೆಯುವಾಗ. ಅಷ್ಟೊತ್ತಿಗೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಚೇರಿಯ ಕಡತ ಮುಚ್ಚಿ ವರ್ಷವಾಗಿರುತ್ತದೆ.

ಜನ ಮಾತಾಡಲು ದಾರಿಗಳಿಲ್ಲ ಅಂತಲ್ಲ. ಹಲವು ಇವೆ. ತಪ್ಪಾಗುವುದು ಆಯ್ಕೆಯಲ್ಲಿ. ದರದ ಪ್ರಶ್ನೆ ಹಿಡಿದು ಡಿಸಿ ಆಫೀಸಿಗೆ ಹೋಗುತ್ತೇವೆ. ಜಾಗದ ಪ್ರಶ್ನೆ ಹಿಡಿದು ಲೈನ್‌ಮನ್ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ದೇಶಕ್ಕೆ ಅಣು ವಿದ್ಯುತ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಸಭೆಯಲ್ಲಿ ಮೂರು ನಿಮಿಷ ಸಿಗುತ್ತದೆ. ರೈತ ಗುಂಪುಗಳು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಕಾಲೇಜು ಹುಡುಗರು, ಸಣ್ಣ ಕಾರ್ಖಾನೆ ನಡೆಸುವವರು ಈ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು ಅಂತ ಹೋಲಿಸಿ ನೋಡಲು ಇದನ್ನು ಬರೆದಿದ್ದೇನೆ.

ಪ್ರತಿ ದಾರಿಯನ್ನೂ ಅಳೆಯಲು ಎರಡು ಪ್ರಶ್ನೆ ಸಾಕು. ಈ ಹಂತದಲ್ಲಿ ಇನ್ನೂ ತೀರ್ಮಾನ ಆಗದೆ ಉಳಿದಿರುವುದು ಏನು? ನಾವು ಹೇಳಿದ್ದಕ್ಕೆ ಉತ್ತರ ಕೊಡಲೇಬೇಕಾದವರು ಯಾರು? ಎಷ್ಟು ಜನ ಸೇರಿದರು, ಪೇಪರಿನಲ್ಲಿ ಬಂತಾ ಎಂಬುದೆಲ್ಲ ಆಮೇಲಿನ ಮಾತು.

ದೆಹಲಿಯ ಕರಡು ದಾಖಲೆಗೆ ಅಭಿಪ್ರಾಯ ಬರೆಯುವುದು

ದೊಡ್ಡ ದಿಕ್ಕು ತೀರ್ಮಾನವಾಗುವುದು ಇಲ್ಲಿ. ಎಷ್ಟು ಕಲ್ಲಿದ್ದಲು, ಎಷ್ಟು ಸೌರ, ಎಷ್ಟು ಅಣು, ಖಾಸಗಿಯವರಿಗೆ ಎಷ್ಟು ಜಾಗ ಎಂಬುದೆಲ್ಲ ಇಲ್ಲೇ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ರಾಷ್ಟ್ರೀಯ ವಿದ್ಯುತ್ ನೀತಿಯನ್ನು ಕೇಂದ್ರ ಸರ್ಕಾರ ಮಾಡುತ್ತದೆ. ಅದು ಕೇಳಬೇಕಾದದ್ದು ರಾಜ್ಯ ಸರ್ಕಾರಗಳನ್ನು ಮತ್ತು ಕೇಂದ್ರ ವಿದ್ಯುತ್ ಪ್ರಾಧಿಕಾರವನ್ನು. ಜನರನ್ನು ಕೇಳಬೇಕು ಎಂಬ ಮಾತು ಅಲ್ಲಿಲ್ಲ. ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ದಾಖಲೆ ಬರುತ್ತದೆ, ರಾಷ್ಟ್ರೀಯ ವಿದ್ಯುತ್ ಯೋಜನೆ ಅಂತ. ಇದನ್ನು ಪ್ರಾಧಿಕಾರ ಐದು ವರ್ಷಕ್ಕೊಮ್ಮೆ ಮಾಡುತ್ತದೆ. ಅದರ ಕರಡನ್ನು ಪ್ರಕಟಿಸಿ ಸಾರ್ವಜನಿಕರಿಂದ ಸಲಹೆ, ಆಕ್ಷೇಪಣೆ ಕರೆಯಲೇಬೇಕು ಎಂದು ಕಾಯ್ದೆ ಹೇಳುತ್ತದೆ. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ನೀತಿಗೆ ಜನರ ಮಾತು ಕೇಳುವುದು ಸರ್ಕಾರದ ಇಷ್ಟ. ಯೋಜನೆಗೆ ಕೇಳುವುದು ಕಾನೂನಿನ ಕಟ್ಟಳೆ.

ಹೊಸ ಕಾಯ್ದೆ ತರುವ ಮುಂಚೆ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಎಂದು 2014ರಲ್ಲಿ ಕೇಂದ್ರ ಸರ್ಕಾರ ತನಗೆ ತಾನೇ ಒಂದು ನಿಯಮ ಮಾಡಿಕೊಂಡಿತು. 2017ರಲ್ಲಿ ನೀತಿ ಆಯೋಗ ರಾಷ್ಟ್ರೀಯ ಇಂಧನ ನೀತಿಯ ಕರಡು ಹೊರಡಿಸಿ ಅಭಿಪ್ರಾಯ ಕೇಳಿತ್ತು. ಇಂಥ ಕರಡುಗಳು ನೂರಾರು ಪುಟ ಇರುತ್ತವೆ, ಇಂಗ್ಲಿಷಿನಲ್ಲಿ ಬರುತ್ತವೆ. ಜಗಳೂರಿನ ಒಬ್ಬ ರೈತ ಅದನ್ನು ಓದಿ ಒಂದು ತಿಂಗಳಲ್ಲಿ ಉತ್ತರ ಬರೆಯಬೇಕು ಎನ್ನುವುದು ನ್ಯಾಯವಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ. ಜಮೀನು ಕೊಡುವವರ ಭಾಷೆಯಲ್ಲಿ ಕರಡೇ ಇಲ್ಲದಿದ್ದರೆ ಅಭಿಪ್ರಾಯ ಕೇಳಿದೆವು ಎನ್ನುವುದು ಬರೀ ದಾಖಲೆಗೆ ಆಗುತ್ತದೆ.

ಹಾಗಂತ ಬಿಡಬೇಡಿ. ಒಬ್ಬೊಬ್ಬರೇ ಬರೆದರೆ ಉಪಯೋಗ ಕಡಿಮೆ. ಕಾಲೇಜಿನ ಅರ್ಥಶಾಸ್ತ್ರ ಅಥವಾ ಎಂಜಿನಿಯರಿಂಗ್ ಮೇಷ್ಟರೊಬ್ಬರನ್ನು ಹಿಡಿದು, ನಮ್ಮ ಜಿಲ್ಲೆಗೆ ತಾಗುವ ಎರಡು ಮೂರು ಪುಟವನ್ನಷ್ಟೇ ಕನ್ನಡಕ್ಕೆ ತಂದು, ಊರವರ ಮಾತನ್ನು ಸೇರಿಸಿ ಒಂದೇ ಪತ್ರ ಕಳಿಸಿ. ಪ್ರತಿಯೊಂದನ್ನು ಸಂಸದರಿಗೂ ಕೊಡಿ. ಮಸೂದೆ ಸಂಸತ್ತಿನ ಇಂಧನ ಸ್ಥಾಯಿ ಸಮಿತಿಗೆ ಹೋದರೆ ಸಮಿತಿಯೂ ಮನವಿ ಕರೆಯಬಹುದು. 2022ರ ವಿದ್ಯುತ್ ತಿದ್ದುಪಡಿ ಮಸೂದೆ ಹಾಗೆ ಸಮಿತಿಗೆ ಹೋಗಿ ಕಾಯ್ದೆಯಾಗದೆ ನಿಂತಿತು. ಬರೆದವರಿಗೆ ಒಬ್ಬೊಬ್ಬರಿಗಾಗಿ ಉತ್ತರ ಬರುತ್ತದೆ ಅಂತ ಮಾತ್ರ ಕಾಯಬೇಡಿ. ಈ ದಾರಿಯ ದೊಡ್ಡ ಕೊರತೆ ಅದೇ.

ಕೆಇಆರ್‌ಸಿ ಮುಂದೆ ಆಕ್ಷೇಪಣೆ

ಈಗಿರುವ ದಾರಿಗಳಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಇದನ್ನು ಬಳಸುವವರೇ ಬಹಳ ಕಡಿಮೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) 1999ರಲ್ಲಿ ಆದದ್ದು. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂ ವ್ಯಾಪ್ತಿಗೆ ಬರುತ್ತವೆ. ದರ ಬದಲಿಸಬೇಕಾದರೆ ಬೆಸ್ಕಾಂ ಆಯೋಗಕ್ಕೆ ಅರ್ಜಿ ಹಾಕಬೇಕು. ಅರ್ಜಿಯ ಸಾರಾಂಶ ಪೇಪರಿನಲ್ಲಿ ಬರಬೇಕು. ಜನರ ಆಕ್ಷೇಪಣೆಗಳನ್ನೆಲ್ಲ ಪರಿಗಣಿಸಿ 120 ದಿನದೊಳಗೆ ಆಯೋಗ ಆದೇಶ ಮಾಡಬೇಕು. ಇದು ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್.

"ಅದು ಬರೀ ಯೂನಿಟ್‌ಗೆ ಎಷ್ಟು ಪೈಸೆ ಅನ್ನೋ ವಿಷಯ, ಅದಕ್ಕೂ ದೇಶದ ನೀತಿಗೂ ಏನು ಸಂಬಂಧ?" ಅಂತ ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ಬೆಸ್ಕಾಂ ಯಾರಿಂದ ಎಷ್ಟು ಕರೆಂಟು ಕೊಳ್ಳುತ್ತದೆ, ಕಲ್ಲಿದ್ದಲಿನದ್ದಕ್ಕೆ ಎಷ್ಟು, ಸೌರದ್ದಕ್ಕೆ ಎಷ್ಟು, ಸಾಗಣೆಗೆ ಎಷ್ಟು, ಲೈನಿನಲ್ಲಿ ನಷ್ಟ ಎಷ್ಟು ಎಂಬ ಲೆಕ್ಕವೆಲ್ಲ ಆ ಅರ್ಜಿಯಲ್ಲಿ ಇರುತ್ತದೆ. ದೆಹಲಿಯ ನೀತಿ ನಮ್ಮ ಮನೆಯ ಬಿಲ್ಲಾಗಿ ಬದಲಾಗುವ ಜಾಗ ಇದು.

ಪಂಪ್‌ಸೆಟ್ಟನ್ನೇ ತೆಗೆದುಕೊಳ್ಳಿ. 2008ರಿಂದ 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಹಣವನ್ನು ಸರ್ಕಾರ ಸಬ್ಸಿಡಿಯಾಗಿ ಕಂಪನಿಗೆ ಕಟ್ಟಬೇಕು. ಆದರೆ ಹೆಚ್ಚಿನ ಪಂಪ್‌ಸೆಟ್‌ಗೆ ಮೀಟರ್ ಇಲ್ಲ. ಹಾಗಾದರೆ ರೈತರು ಎಷ್ಟು ಬಳಸಿದರು ಅಂತ ಹೇಗೆ ಗೊತ್ತಾಗುತ್ತದೆ? ಫೀಡರ್ (ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಬರುವ ಲೈನು) ಮೀಟರಿನ ಓದು, ಕೆಲವು ಟಿಸಿಗಳ (ಟ್ರಾನ್ಸ್‌ಫಾರ್ಮರ್‌ಗಳ) ಓದು ಇಟ್ಟುಕೊಂಡು ಅಂದಾಜು ಮಾಡುತ್ತಾರೆ. ಅಂದಾಜು ಜಾಸ್ತಿ ತೋರಿಸಿದರೆ ಲೈನಿನ ನಷ್ಟ, ಕಳ್ಳತನ ಎಲ್ಲ ಕಡಿಮೆ ಕಾಣುತ್ತದೆ. ತಪ್ಪು ರೈತರ ತಲೆಗೆ ಬರುತ್ತದೆ. ಈ ಅಂದಾಜನ್ನು ಪ್ರಶ್ನಿಸಲು ಇರುವ ಸರಿಯಾದ ಜಾಗ ಆಯೋಗ.

ಬರೆಯುವಾಗ "ದರ ಏರಿಸಬೇಡಿ, ಬಡವರಿಗೆ ಕಷ್ಟ" ಎಂದು ನಿಲ್ಲಿಸಬೇಡಿ. ಆ ಮಾತು ನಿಜವೇ, ಆದರೆ ಅದಕ್ಕೆ ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ, ಮುಗಿಯಿತು. ಬದಲಿಗೆ ಹೀಗೆ ಬರೆಯಿರಿ: "ನಮ್ಮ ಫೀಡರ್‌ಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುತ್ತಿದ್ದೇವೆ ಎಂದು ಅರ್ಜಿದಾರರು ಲೆಕ್ಕ ಕೊಟ್ಟಿದ್ದಾರೆ. ನಾವು ಮಾರ್ಚ್ ತಿಂಗಳು ಪೂರ್ತಿ ಕರೆಂಟು ಬಂದ ಹೊತ್ತು, ಹೋದ ಹೊತ್ತು ಬರೆದಿಟ್ಟ ಪಟ್ಟಿ ಲಗತ್ತಿಸಿದ್ದೇವೆ. ಇದೇ ತಿಂಗಳ ಫೀಡರ್ ಮೀಟರ್ ಓದನ್ನು ಆಯೋಗದ ಮುಂದೆ ಇಡಬೇಕು. ಎರಡೂ ಹೊಂದದಿದ್ದರೆ ನಮ್ಮ ಲೆಕ್ಕಕ್ಕೆ ಹಾಕಿದ ಯೂನಿಟ್‌ಗಳನ್ನು ಕಡಿಮೆ ಮಾಡಬೇಕು." ಪಟ್ಟಿ ಬರೆಯಲು ಒಂದು ನೋಟ್‌ಬುಕ್ ಸಾಕು. ರಾತ್ರಿ ಪಾಳಿಯಲ್ಲಿ ನೀರು ಕಟ್ಟಲು ಹೋಗುವವರೇ ಹೊತ್ತು ಬರೆಯಬಹುದು.

ಇಂಥ ಆಕ್ಷೇಪಣೆಗೆ ಬೆಸ್ಕಾಂ ಉತ್ತರ ಕೊಡಬೇಕಾಗುತ್ತದೆ. ಆಯೋಗದ ಆದೇಶ ಹೊರಬಂದಾಗ ಜನ ಏನು ಹೇಳಿದರು, ಕಂಪನಿ ಏನು ಹೇಳಿತು, ಆಯೋಗದ ಅಭಿಪ್ರಾಯ ಏನು ಎಂದು ಮೂರನ್ನೂ ಅದರಲ್ಲಿ ದಾಖಲಿಸುತ್ತಾರೆ. ನಿಮ್ಮ ಮಾತು ಎಲ್ಲಿ ಹೋಯಿತು ಎಂದು ಪುಟ ತೋರಿಸಿ ಹೇಳಬಹುದಾದ ದಾರಿ ಇದು.

ತೊಂದರೆಗಳೂ ಇವೆ. ಆಕ್ಷೇಪಣೆ ಜೊತೆ ಅಫಿಡವಿಟ್ ಬೇಕಾಗುತ್ತದೆ. ವಿಚಾರಣೆ ಸಾಮಾನ್ಯವಾಗಿ ಬೆಂಗಳೂರಿನಲ್ಲಿ. ಮೊಳಕಾಲ್ಮುರಿನಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ಹೋಗುತ್ತದೆ. ಊರಿಗೆ ಒಬ್ಬರನ್ನು ಆರಿಸಿ, ಖರ್ಚು ಹಂಚಿಕೊಂಡು ಕಳಿಸುವುದು ಒಳ್ಳೆಯದು. ಹೋಗಲಾಗದಿದ್ದರೂ ಬರೆದು ಕೊಟ್ಟ ಆಕ್ಷೇಪಣೆಗೆ ಬೆಲೆ ಇದೆ.

ಪರಿಸರದ ಸಾರ್ವಜನಿಕ ವಿಚಾರಣೆ

ಜನ ಅತಿ ಹೆಚ್ಚು ಸೇರುವುದು ಇಲ್ಲಿ. ಹೊಸದುರ್ಗ, ಹೊಳಲ್ಕೆರೆ ಕಡೆಯ ಗಣಿಗಳ ಪುಣ್ಯದಿಂದ ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ವೇದಿಕೆಯ ಮೇಲೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಕಂಪನಿಯವರು ಚಿತ್ರ ತೋರಿಸುತ್ತಾರೆ. ಎದುರಿಗೆ ವಿಡಿಯೊ ಓಡುತ್ತಿರುತ್ತದೆ. ಹಿಂದಿನ ಸಾಲಿನಲ್ಲಿ ಹೆಂಗಸರು ಮೈಕ್ ತಮ್ಮ ಹತ್ತಿರ ಬರುತ್ತದಾ ಅಂತ ನೋಡುತ್ತಿರುತ್ತಾರೆ.

2006ರ ಸೆಪ್ಟೆಂಬರ್ 14ರ ಅಧಿಸೂಚನೆ ಇದಕ್ಕೆ ಆಧಾರ. ಕನಿಷ್ಠ 30 ದಿನ ಮುಂಚೆ ಪೇಪರಿನಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಕೊನೆಗೆ, ಜನ ಎತ್ತಿದ ವಿಷಯಗಳ ನಡಾವಳಿಯನ್ನು ಅಲ್ಲೇ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಈ ಕೊನೆಯ ಅಂಶವನ್ನು ಮರೆಯಬೇಡಿ. ಎಲ್ಲರೂ ಮಾತಾಡಿ, ದಣಿದು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟು ಬಿಡುತ್ತಾರೆ. ನಡಾವಳಿ ಓದುವಾಗ ಹತ್ತು ಜನವಾದರೂ ಕೂತಿರಬೇಕು. ನಿಮ್ಮ ಬೋರ್ ಬತ್ತುವ ವಿಷಯ "ಸ್ಥಳೀಯರು ನೀರಿನ ಬಗ್ಗೆ ಮಾತಾಡಿದರು" ಎಂದು ಸೇರಿದ್ದರೆ ಅಲ್ಲೇ ತಿದ್ದಿಸಿ.

ಇದು ಮತದಾನವಲ್ಲ. ಸಾವಿರ ಜನ ಬೇಡ ಎಂದರೂ ಯೋಜನೆ ನಿಲ್ಲಲೇಬೇಕು ಅಂತ ಇಲ್ಲ. ಇಷ್ಟೇ ಜನ ಇರಬೇಕು ಎಂಬ ಕೋರಂ ಕೂಡ ಇಲ್ಲ, ಆದ್ದರಿಂದ ಬಹಿಷ್ಕಾರ ಮಾಡಿ ಹೊರಗೆ ಕೂತರೆ ವಿಚಾರಣೆ ನಡೆದೇ ಹೋಗುತ್ತದೆ. ಎತ್ತಿದ ಪ್ರತಿ ಆಕ್ಷೇಪಕ್ಕೂ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು, ಅದನ್ನು ತಜ್ಞರ ಸಮಿತಿ ನೋಡಬೇಕು. ಬಲ ಇರುವುದು ಅಲ್ಲಿ. ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಇಳಿಸಿ ಕರೆಂಟು ಮಾಡುವ) ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ನಡೆದ ವಿಚಾರಣೆಗಳಲ್ಲಿ ಜನ ಭೂಕುಸಿತ, ಕಾಡು, ಸಿಂಗಳೀಕ ಎಂದು ಒಂದೊಂದೇ ವಿಷಯ ಹಿಡಿದು ಮಾತಾಡಿದರು. ಬರೀ ಘೋಷಣೆಗಿಂತ ಅಂಥ ಮಾತು ಕಡತದಲ್ಲಿ ಉಳಿಯುತ್ತದೆ.

ಈಗ ನಮ್ಮ ಭಾಗಕ್ಕೆ ಮುಖ್ಯವಾದ ಮಾತು. ಸೌರ ಫಲಕದ ಯೋಜನೆಗಳಿಗೆ ಈ ವಿಚಾರಣೆ ಇಲ್ಲ. ಗಾಳಿ ವಿದ್ಯುತ್ತು ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಹೈಟೆನ್ಷನ್ ಲೈನಿಗೂ ಇಲ್ಲ. ಚಿತ್ರದುರ್ಗದ ಗುಡ್ಡಗಳ ತುಂಬ ಗಾಳಿ ಫ್ಯಾನು ನಿಂತಿವೆ, ಆದರೆ ಅವುಗಳ ಬಗ್ಗೆ ಶಾಮಿಯಾನ ಹಾಕಿ ಯಾರೂ ಕೇಳಬೇಕಾಗಿರಲಿಲ್ಲ. ಹೊಗೆ ಬರುವುದಿಲ್ಲ ನಿಜ, ಕಲ್ಲಿದ್ದಲಿಗಿಂತ ಎಷ್ಟೋ ವಾಸಿ, ನಾನೂ ಅದರ ಪರವೇ. ಆದರೆ ಕುರಿ ಮೇಯುವ ಗುಡ್ಡಕ್ಕೆ ರಸ್ತೆ ಕಡಿದು ಬೇಲಿ ಹಾಕಿದರೆ ಕುರಿಗಾರರಿಗೆ ಆಗುವ ನಷ್ಟ ಹೊಗೆಯಲ್ಲಿ ಅಳೆಯುವಂಥದ್ದಲ್ಲ.

ಚಳ್ಳಕೆರೆಯ ಅಮೃತಮಹಲ್ ಕಾವಲು ಇನ್ನೂ ಕಠಿಣ ಉದಾಹರಣೆ. 2008ರಿಂದ ಮುಂದಕ್ಕೆ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ಕೊಟ್ಟರು. ದೇಶದ ಭದ್ರತೆಗೆ ಸಂಬಂಧಿಸಿದ ಯೋಜನೆಗಳಿಗೆ ಅಧಿಸೂಚನೆಯೇ ವಿಚಾರಣೆಯಿಂದ ವಿನಾಯಿತಿ ಕೊಡುತ್ತದೆ. ದೊಡ್ಡ ಉಳ್ಳಾರ್ತಿ ಸುತ್ತಿನ ಕುರಿಗಾರರು, ಕಂಬಳಿ ನೇಯುವವರು ಹಸಿರು ನ್ಯಾಯಮಂಡಳಿ ತನಕ ಹೋದ ಪ್ರಕರಣದಲ್ಲಿ ಮಾತಾಡಬೇಕಾಯಿತು. ಅಂದರೆ ಕೊಟ್ಟ ಮೇಲೆ. ಮೇವು ಯಾರದ್ದು, ಕಾವಲು ಯಾರದ್ದು ಎಂಬ ಮಾತು ಕೊಡುವ ಮುಂಚೆ ಆಗಬೇಕಿತ್ತು.

ಗ್ರಾಮಸಭೆಯ ಠರಾವು

ವಿಚಾರಣೆ ಇಲ್ಲದ ಕಡೆ ಉಳಿಯುವುದು ಗ್ರಾಮಸಭೆ. ನಮ್ಮ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಎಲ್ಲರೂ ಬರಬಹುದು, ಮಾತು ಕನ್ನಡದಲ್ಲೇ, ಖರ್ಚಿಲ್ಲ. ಇಷ್ಟು ಹತ್ತಿರದ ದಾರಿ ಬೇರೆ ಇಲ್ಲ.

ಬಲ ಎಷ್ಟು ಎಂಬುದು ಜಮೀನಿನ ಮೇಲೆ ನಿಂತಿದೆ. ಅರಣ್ಯ ಭೂಮಿಯಾಗಿದ್ದು, ಅಲ್ಲಿ ಜನರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕು ಇದ್ದರೆ ಗ್ರಾಮಸಭೆಯ ಮಾತಿಗೆ ತೂಕ ಬಹಳ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನವನ್ನು ಗ್ರಾಮಸಭೆಗಳಿಗೆ ಬಿಟ್ಟಿತು. 12 ಹಳ್ಳಿಗಳ ಸಭೆಗಳು ಒಂದಾದ ಮೇಲೆ ಒಂದು ಗಣಿ ಬೇಡ ಎಂದವು. ಗಣಿ ಬರಲಿಲ್ಲ. ಖಾಸಗಿ ಜಮೀನನ್ನು ರೈತರೇ ಲೀಸಿಗೆ ಕೊಡುವುದಾದರೆ ಠರಾವಿಗೆ ಅಂಥ ಶಕ್ತಿ ಇಲ್ಲ.

ಹಾಗಿದ್ದರೂ ಲೀಸಿನ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿ. ಪಕ್ಕದ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್, ಸುಮಾರು 13,000 ಎಕರೆ. ಜಮೀನು ಮಾರಿಸದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ ಲೀಸಿಗೆ ಪಡೆದದ್ದು ಒಳ್ಳೆಯ ಕ್ರಮ, ಬರದಲ್ಲಿ ಬೆಂದ ರೈತರಿಗೆ ಖಾತ್ರಿ ಹಣ ಬಂತು. ಆದರೆ ಹಣ ಬಂದದ್ದು ಪಹಣಿ ಇದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿ ಹೆಣ್ಣುಮಕ್ಕಳ ಹೆಸರು ಯಾವ ಕರಾರಿನಲ್ಲೂ ಇಲ್ಲ. ಕರಾರು ಕಂಪನಿಗೂ ಜಮೀನಿನ ಮಾಲೀಕರಿಗೂ ನಡುವೆ ಆಗುವುದರಿಂದ ಭೂಮಿ ಇಲ್ಲದವರು ಮಾತಾಡಲು ಉಳಿಯುವ ಒಂದೇ ಜಾಗ ಗ್ರಾಮಸಭೆ. ಇದೇ ಕಾರಣಕ್ಕೆ ಇದನ್ನು ಕೈಬಿಡಬಾರದು.

ಟವರ್ ಲೈನಿನದ್ದು ಬೇರೆ ಕಥೆ. ವಿದ್ಯುಚ್ಛಕ್ತಿ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಲೈನ್ ಎಳೆಯುವ ಸಂಸ್ಥೆಗೆ ಹಳೆಯ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಬಹುದು. ಆಗ ರೈತ ಬೇಡ ಎಂದರೂ ಲೈನ್ ಹಾಯುತ್ತದೆ, ಕೇಳಬಹುದಾದದ್ದು ಪರಿಹಾರ. ಕೇಂದ್ರದ 2024ರ ಜೂನ್ ಮಾರ್ಗಸೂಚಿ ಟವರ್ ಕಾಲಿನ ಜಾಗಕ್ಕೆ ಜಮೀನು ಬೆಲೆಯ ಶೇ. 200, ತಂತಿ ಹಾಯುವ ಪಟ್ಟಿಗೆ ಶೇ. 30 ಎನ್ನುತ್ತದೆ. ಇದಕ್ಕಿಂತ ಮುಂಚೆಯೇ ಮಾತಾಡುವ ಒಂದು ಅವಕಾಶ ಇದೆ. ಲೈನಿನ ಲೈಸೆನ್ಸಿಗೆ ಅರ್ಜಿ ಹಾಕಿದವರು ಪೇಪರಿನಲ್ಲಿ ನೋಟಿಸ್ ಕೊಡಬೇಕು, 30 ದಿನದೊಳಗೆ ಬಂದ ಆಕ್ಷೇಪಣೆಯನ್ನು ನಿಯಂತ್ರಣ ಆಯೋಗ ನೋಡಲೇಬೇಕು. ಇದು 15ನೇ ಸೆಕ್ಷನ್. ಅಂಥ ನೋಟಿಸ್ ಸಣ್ಣಕ್ಷರದಲ್ಲಿ, ಒಳಪುಟದಲ್ಲಿ ಬರುತ್ತದೆ. ಊರಿನ ಗ್ರಂಥಾಲಯಕ್ಕೆ ಪೇಪರ್ ಓದಲು ಹೋಗುವ ಹುಡುಗರಿಗೆ ಅದನ್ನು ಹುಡುಕಿ ಇಡುವ ಕೆಲಸ ವಹಿಸಿ.

ಮಾಹಿತಿ ಹಕ್ಕು ಮತ್ತು ಹೋರಾಟ

ಇವೆರಡೂ ಮೇಲಿನ ದಾರಿಗಳಿಗೆ ಜೊತೆಯಾಗಿ ಬರುವಂಥವು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿ ಮಾಡುವಾಗ ಎಲ್ಲ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕು ಎಂದು ಆ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅರ್ಜಿಯಲ್ಲಿ ಆ ಸೆಕ್ಷನ್ ನಮೂದಿಸಿ. ಆಕ್ಷೇಪಣೆ ಬರೆಯುವ ಎರಡು ತಿಂಗಳು ಮೊದಲೇ ಅರ್ಜಿ ಹಾಕಿದರೆ ಕೈಯಲ್ಲಿ ಲೆಕ್ಕ ಇರುತ್ತದೆ.

ಹೋರಾಟದ ಬಗ್ಗೆ ನಮ್ಮ ಭಾಗದವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1980ರಿಂದ ರೈತ ಸಂಘ ಕರೆಂಟಿನ ವಿಷಯವನ್ನು ರಾಜ್ಯದ ರಾಜಕೀಯದ ನಡುವೆ ತಂದು ನಿಲ್ಲಿಸಿತು. ವಿದ್ಯುತ್ ತಿದ್ದುಪಡಿ ಮಸೂದೆ ಬೇಡ ಎನ್ನುವುದು 2020–21ರ ದೆಹಲಿ ರೈತ ಹೋರಾಟದ ಬೇಡಿಕೆಗಳಲ್ಲೂ ಇತ್ತು. ತಪ್ಪು ನಿರ್ಧಾರವನ್ನು ತಡೆಯಲು ಹೋರಾಟದಷ್ಟು ಬಲ ಬೇರೆ ಯಾವುದಕ್ಕೂ ಇಲ್ಲ. ಆದರೆ ಹಲವು ಒಳ್ಳೆಯದರ ನಡುವೆ ಯಾವುದನ್ನು ಆರಿಸಬೇಕು, ಏನನ್ನು ಬಿಟ್ಟುಕೊಡಬೇಕು ಎಂಬ ಪ್ರಶ್ನೆಗೆ ಬೀದಿಯಲ್ಲಿ ಉತ್ತರ ಸಿಗುವುದು ಕಷ್ಟ. ಅಲ್ಲಿ ಎಲ್ಲರೂ ಮೊದಲೇ ತೀರ್ಮಾನಿಸಿ ಬಂದಿರುತ್ತಾರೆ.

ಚೀಟಿ ಎತ್ತಿ ಆರಿಸಿದ ನಾಗರಿಕರ ಮಂಡಳಿ

ಇದು ಈಗ ನಮ್ಮಲ್ಲಿ ಕಾನೂನಿನಲ್ಲಿ ಇಲ್ಲ. ಆದರೂ ಇದರ ಬಗ್ಗೆಯೇ ಹೆಚ್ಚು ಹೇಳಬೇಕು ಅನಿಸುತ್ತದೆ, ಏಕೆಂದರೆ ದೇಶದ ಇಂಧನದಂಥ ಜಟಿಲ ಪ್ರಶ್ನೆಗೆ ಹೊಂದುವುದು ಇದೇ.

ವಿಧಾನ ಸರಳ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಸಾಮಾನ್ಯ ಜನರನ್ನು ಆರಿಸುತ್ತಾರೆ. ಗಂಡು, ಹೆಣ್ಣು, ಹಳ್ಳಿ, ಪೇಟೆ, ಭೂಮಿ ಇದ್ದವರು, ಇಲ್ಲದವರು ಎಲ್ಲರೂ ಇರುವಂತೆ ನೋಡಿಕೊಳ್ಳುತ್ತಾರೆ. ಕೆಲವು ದಿನ ಕೂರಿಸಿ, ಎರಡೂ ಕಡೆಯ ತಜ್ಞರನ್ನು ಕರೆಸಿ, ಬೇಕಾದ ಪ್ರಶ್ನೆ ಕೇಳಲು ಬಿಡುತ್ತಾರೆ. ಆಮೇಲೆ ತಮ್ಮ ತಮ್ಮಲ್ಲೇ ಮಾತಾಡಿ ತೀರ್ಪು ಬರೆಯುತ್ತಾರೆ.

ಅಮೆರಿಕದ ಟೆಕ್ಸಾಸಿನಲ್ಲಿ 1996ರಿಂದ 1998ರ ನಡುವೆ ಎಂಟು ವಿದ್ಯುತ್ ಕಂಪನಿಗಳು ಗ್ರಾಹಕರನ್ನು ಹೀಗೆ ಕೂರಿಸಿದವು. ನವೀಕರಿಸಬಹುದಾದ ಇಂಧನಕ್ಕೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಡಲು ಸಿದ್ಧ ಎಂದವರು ಮೊದಲು ಶೇ. 52 ಇದ್ದರು. ವಿಷಯ ತಿಳಿದು ಚರ್ಚೆ ಮಾಡಿದ ಮೇಲೆ ಶೇ. 84 ಆದರು. ಎಣ್ಣೆಯ ನಾಡು ಎನಿಸಿಕೊಂಡ ಆ ರಾಜ್ಯ ಈಗ ಗಾಳಿ ವಿದ್ಯುತ್ತಿನಲ್ಲಿ ಅಮೆರಿಕಕ್ಕೇ ಮೊದಲು.

ದಕ್ಷಿಣ ಕೊರಿಯಾದ ಉದಾಹರಣೆ ಇನ್ನೂ ಸ್ಪಷ್ಟ. 2017ರಲ್ಲಿ ಶಿನ್ ಕೋರಿ ಎಂಬಲ್ಲಿ ಕಟ್ಟುತ್ತಿದ್ದ ಎರಡು ಅಣು ಘಟಕಗಳನ್ನು ಮುಗಿಸಬೇಕೋ ನಿಲ್ಲಿಸಬೇಕೋ ಎಂದು ಸರ್ಕಾರ 471 ಜನರನ್ನು ಕೇಳಿತು. ಶೇ. 59.5 ಜನ ಕಟ್ಟಿ ಮುಗಿಸಿ ಎಂದರು. ಅದೇ ಜನರಲ್ಲಿ ಶೇ. 53.2 ಮಂದಿ ಮುಂದೆ ದೇಶ ಅಣು ವಿದ್ಯುತ್ತನ್ನು ಕಡಿಮೆ ಮಾಡಬೇಕು ಎಂದರು. ಅಂದರೆ ಈಗ ಹಾಕಿದ ಹಣ ಹಾಳು ಮಾಡಬೇಡಿ, ಆದರೆ ದಿಕ್ಕು ಬದಲಿಸಿ ಅಂತ. ಇಷ್ಟು ಬಿಡಿಸಿ ಹೇಳಿದ ಮಾತು ಬೇಕು, ಬೇಡ ಎಂಬ ಘೋಷಣೆಯಿಂದ ಬರುವುದಿಲ್ಲ. ಸರ್ಕಾರ ಕಟ್ಟಡದ ಕೆಲಸವನ್ನು ಮತ್ತೆ ಶುರು ಮಾಡಿತು.

ಎಲ್ಲ ಕಡೆ ಹೀಗೇ ಆಗುತ್ತದೆ ಅಂತಲ್ಲ. ಫ್ರಾನ್ಸಿನಲ್ಲಿ 2019–20ರಲ್ಲಿ ಹವಾಮಾನದ ವಿಷಯಕ್ಕೆ 150 ಜನ ಕೂತು 149 ಸಲಹೆ ಕೊಟ್ಟರು. ಯಾವುದನ್ನೂ ಸೋಸದೆ ಮುಂದಿಡುತ್ತೇನೆ ಎಂದು ಅಧ್ಯಕ್ಷರು ಮಾತು ಕೊಟ್ಟಿದ್ದರು. ಕೊನೆಗೆ ಕೆಲವನ್ನು ಬಿಟ್ಟರು, ಹಲವನ್ನು ತೆಳುವಾಗಿಸಿದರು. ಕೂತವರಿಗೆ ಬೇಸರವಾಯಿತು. ಉತ್ತರ ಕೊಡುವ ಹೊಣೆಯನ್ನು ಮೊದಲೇ ಬರೆದಿಡದಿದ್ದರೆ ಹೀಗಾಗುತ್ತದೆ.

ಇದು ಓದು ಬಂದ ಹೊರದೇಶದವರಿಗೆ ಮಾತ್ರ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2000ನೇ ಇಸವಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಆಕ್ಷನ್ ಏಡ್ ಸಂಸ್ಥೆ 14 ರೈತರ ಇಂಥ ಮಂಡಳಿ ನಡೆಸಿತ್ತು. ವಿಷಯ ಇಂಧನವಲ್ಲ, ಕುಲಾಂತರಿ ಬೀಜ. ಪರ, ವಿರೋಧ ಎರಡೂ ಕಡೆಯವರ ಮಾತು ಕೇಳಿ, ಹೆಚ್ಚಿನವರು ಆ ಬೀಜವನ್ನು ನಮ್ಮ ಹೊಲದಲ್ಲಿ ಬಿತ್ತುವುದಿಲ್ಲ ಎಂದು ತೀರ್ಪು ಕೊಟ್ಟರು. ವಂಶವಾಹಿ ತಂತ್ರಜ್ಞಾನವನ್ನು ಅಳೆದು ನೋಡಿದ ರೈತರು ಗ್ರಿಡ್, ಬ್ಯಾಟರಿ, ಸಬ್ಸಿಡಿಯನ್ನು ಅಳೆಯಲಾರರಾ?

ಈಗ ಮಾಡುವುದಾದರೆ ದಾವಣಗೆರೆಯ ಯಾವುದಾದರೂ ಕಾಲೇಜು ಜಾಗ ಕೊಡಬಹುದು. ಎರಡೂ ಜಿಲ್ಲೆಗಳಿಂದ 24 ಜನ, ಮೂರು ದಿನ. ಬಂದವರಿಗೆ ದಿನದ ಕೂಲಿ, ಊಟ, ಬಸ್ಸಿನ ಹಣ ಕೊಡಲೇಬೇಕು, ಇಲ್ಲದಿದ್ದರೆ ಬಿಡುವು ಇದ್ದವರಷ್ಟೇ ಬರುತ್ತಾರೆ. ಎಳೆ ಮಕ್ಕಳ ತಾಯಂದಿರಿಗೆ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇರಬೇಕು. ಪ್ರಶ್ನೆ "ಸೌರ ವಿದ್ಯುತ್ ಒಳ್ಳೆಯದಾ?" ಎಂದಿದ್ದರೆ ಸುಮ್ನೆ ವ್ಯರ್ಥ. "ಹಗಲು ಹೊತ್ತು ಪಂಪ್‌ಸೆಟ್‌ಗೆ ಸೌರ ಫೀಡರ್ ಕೊಡುವುದಾದರೆ ಮೀಟರ್ ಹಾಕಿಸಿಕೊಳ್ಳುತ್ತೀರಾ? ಯಾವ ಷರತ್ತಿನ ಮೇಲೆ?" ಎಂಬಂತಿರಬೇಕು. ಒಂದು ಸಿಗಲು ಇನ್ನೊಂದು ಬಿಡಬೇಕಾದ ಪ್ರಶ್ನೆ. ರಾತ್ರಿ ಹೊಲಕ್ಕೆ ಹೋಗಿ ಹಾವಿಗೆ ಹೆದರುವವರು, ಮೀಟರ್ ಬಂದರೆ ನಾಳೆ ಬಿಲ್ಲೂ ಬರುತ್ತದೆ ಎಂದು ಹೆದರುವವರು, ಇಬ್ಬರೂ ಒಂದೇ ಮನೆಯಲ್ಲಿ ಇರುತ್ತಾರೆ. ಅಂಥದ್ದನ್ನು ಕೂತು ಮಾತಾಡಿಯೇ ಬಿಡಿಸಬೇಕು.

ಹಾಗಾದರೆ ಯಾವುದನ್ನು ಆರಿಸೋದು?

ಬಿಲ್ಲು, ಪಾಳಿ, ಸಬ್ಸಿಡಿ, ಮೀಟರ್ ವಿಷಯವಾದರೆ ಯೋಚನೆ ಬೇಡ, ಕೆಇಆರ್‌ಸಿಗೆ ಹೋಗಿ. ಟಿಸಿ ಸುಟ್ಟದ್ದು, ಕಂಬ ವಾಲಿದ್ದು ಮಾತ್ರವಾದರೆ ಬೆಸ್ಕಾಂನ ಉಪವಿಭಾಗದ ಗ್ರಾಹಕರ ಸಭೆಯೇ ಸಾಕು, ಅದಕ್ಕೆ ಆಯೋಗ ಬೇಡ.

ಸೌರ, ಗಾಳಿ ಕಂಪನಿಯವರು ಜಮೀನು ಕೇಳಿಕೊಂಡು ಊರಿಗೆ ಬಂದಿದ್ದರೆ ಕರಾರಿಗೆ ಸಹಿ ಬೀಳುವ ಮುಂಚೆ ವಿಶೇಷ ಗ್ರಾಮಸಭೆ ಕರೆಸಿ. ಭೂಮಿ ಇಲ್ಲದವರಿಗೆ ಕೆಲಸ, ಕುರಿಗೆ ದಾರಿ, ಕೆರೆಯ ನೀರು ಎಂದು ಒಂದೊಂದೂ ಠರಾವಿನಲ್ಲಿ ಬರಲಿ. ಪಿಡಿಒ ಸಹಿ ಇರುವ ನಕಲು ಇಟ್ಟುಕೊಳ್ಳಿ. ಗಣಿ, ಥರ್ಮಲ್, ಪಂಪ್ಡ್ ಸ್ಟೋರೇಜ್ ಆದರೆ ಪರಿಸರ ವಿಚಾರಣೆಗೆ ಹೋಗಲೇಬೇಕು, ಬಹಿಷ್ಕಾರ ಬೇಡ.

ದೇಶ ಯಾವ ದಿಕ್ಕಿಗೆ ಹೋಗಬೇಕು ಎಂಬ ಪ್ರಶ್ನೆಗೆ ಮಾತ್ರ ಎರಡನ್ನು ಸೇರಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಮೊದಲು ಚೀಟಿ ಎತ್ತಿದ ಮಂಡಳಿ ಕೂರಲಿ. ಅದರ ತೀರ್ಪನ್ನು ರಾಷ್ಟ್ರೀಯ ವಿದ್ಯುತ್ ಯೋಜನೆಯ ಕರಡಿಗೆ ಆಕ್ಷೇಪಣೆಯಾಗಿ ಕಳಿಸಿ. ಅದನ್ನೇ ಅಫಿಡವಿಟ್ ಮಾಡಿ ಕೆಇಆರ್‌ಸಿಗೂ ಕೊಡಿ. ಆಗ ಕಾನೂನಿನಲ್ಲಿ ಇಲ್ಲದ ಸಭೆಯ ಮಾತು ಉತ್ತರ ಕೊಡಲೇಬೇಕಾದವರ ಮೇಜಿಗೆ ಹೋಗುತ್ತದೆ.

ಸಮಯವೂ ಇದೆ. 2025ರ ಮಾರ್ಚ್ 27ರಂದು ಆಯೋಗ ಮಾಡಿದ ಆದೇಶ 2027–28ರ ತನಕ ಮೂರು ವರ್ಷಕ್ಕೆ. ಅದರ ಮುಂದಿನ ವರ್ಷಗಳ ಅರ್ಜಿಯನ್ನು ಬೆಸ್ಕಾಂ 120 ದಿನ ಮುಂಚೆ, ಅಂದರೆ 2027ರ ನವೆಂಬರ್ ಕೊನೆಯ ಹೊತ್ತಿಗೆ ಹಾಕಬೇಕು. ಫೀಡರ್ ಪಟ್ಟಿಯ ನೋಟ್‌ಬುಕ್ಕನ್ನು ಆ ವರ್ಷದ ಬೇಸಿಗೆಯಲ್ಲೇ ಶುರು ಮಾಡಿ. ಮಾಹಿತಿ ಹಕ್ಕು ಅರ್ಜಿ ಆಗಸ್ಟಿನಲ್ಲಿ ಹೋಗಲಿ. ಮಂಡಳಿ ಕೂರಿಸುವುದಾದರೆ ಮೆಕ್ಕೆಜೋಳ ಕಟಾವಿಗೆ ಬರುವ ಮುಂಚೆ ಮುಗಿಸಿ, ಆಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.